ಸೋಂಕು ಮರೆತ ಮೇಲೆ ಏಳುವ ಬೊಕ್ಕೆ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಮಗುವಿನ ಮೈಮೇಲೆ ಕೆಂಪು ಬೊಕ್ಕೆ ಎದ್ದರೆ ಹಿರಿಯರು ಮೊದಲು ಹೇಳುವುದು, "ಉಷ್ಣ ಆಗಿದೆ, ಒಂದು ಬೊಂಡ ಕುಡಿಸಿ." ಹೆಚ್ಚಿನ ಸಲ ಅದರಿಂದ ಕೇಡೇನೂ ಆಗುವುದಿಲ್ಲ. ವೈರಸ್ ಜ್ವರದ ಬೊಕ್ಕೆ ಎಳನೀರು ಕುಡಿದರೂ ಕುಡಿಯದಿದ್ದರೂ ಕೆಲವು ದಿನಗಳಲ್ಲಿ ಇಳಿಯುತ್ತದೆ. ಹೆದರಬೇಕಾದ್ದು ಇನ್ನೊಂದು ಬಗೆಗೆ. ಸೋಂಕು ಬಂದುಹೋಗಿ ಎರಡರಿಂದ ಆರು ವಾರ ಕಳೆದಿರುತ್ತದೆ, ಮನೆಯವರು ಅದನ್ನು ಮರೆತಿರುತ್ತಾರೆ. ಆಗ ಮತ್ತೆ ಜ್ವರ ಏರಿ ಮಗುವಿನ ಮೈ ಕೆಂಪಾಗುತ್ತದೆ. ಕೋವಿಡ್ ಕಾಲದಲ್ಲಿ ಇದಕ್ಕೆ ಎಂಐಎಸ್-ಸಿ, ಎಂದರೆ ಮಕ್ಕಳ ಹಲವು ಅಂಗಗಳಿಗೆ ಉರಿಯೂತ ತರುವ ಕಾಯಿಲೆ, ಎಂಬ ಹೆಸರು ಬಿತ್ತು. ಆದರೆ ಇದನ್ನು ಹೋಲುವ ಕಾಯಿಲೆಯನ್ನು ಗುರುತಿಸುವ ವಿದ್ಯೆ ಕೋವಿಡ್‌ಗಿಂತ ತುಂಬ ಹಳೆಯದು.

1961ರ ಜನವರಿಯಲ್ಲಿ ಟೋಕಿಯೋದ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ ಅವರ ಬಳಿಗೆ ನಾಲ್ಕು ವರ್ಷದ ಹುಡುಗನೊಬ್ಬ ಬಂದ. ಇಳಿಯದ ಜ್ವರ, ಮೈತುಂಬ ದದ್ದು, ಕೆಂಪು ಕಣ್ಣು, ಒಡೆದ ತುಟಿ, ಕುತ್ತಿಗೆಯಲ್ಲಿ ಗಂಟು. ಯಾವ ಪುಸ್ತಕದ ಕಾಯಿಲೆಗೂ ಅದು ಹೊಂದಲಿಲ್ಲ. ಹುಡುಗ ಗುಣವಾಗಿ ಮನೆಗೆ ಹೋದ, ಕಾಯಿಲೆಗೆ ಹೆಸರು ಸಿಗಲಿಲ್ಲ. ಕವಾಸಾಕಿ ಅಂಥ ಮಕ್ಕಳ ವಿವರ ಬರೆದಿಡುತ್ತ ಹೋದರು. 1967ರಲ್ಲಿ 50 ಮಕ್ಕಳ ವರದಿ ಜಪಾನಿ ಭಾಷೆಯಲ್ಲಿ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ಬರಲು 1974 ಆಗಬೇಕಾಯಿತು. ಕಾಯಿಲೆಗೆ ಕವಾಸಾಕಿ ಎಂಬ ಹೆಸರೇ ನಿಂತಿತು. ತಾನಾಗಿ ಗುಣವಾಗುವ ಕಾಯಿಲೆ ಎಂದೇ ಅವರು ಮೊದಲು ತಿಳಿದಿದ್ದರು. ಸತ್ತ ಕೆಲವು ಮಕ್ಕಳ ಶವಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಉಬ್ಬಿ, ಒಳಗೆ ರಕ್ತ ಹೆಪ್ಪುಗಟ್ಟಿರುವುದು ಕಂಡ ಮೇಲೆ ಆ ಎಣಿಕೆ ತಲೆಕೆಳಗಾಯಿತು. ಚಿಕಿತ್ಸೆ ಇಲ್ಲದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿನ ರಕ್ತನಾಳ ಹೀಗೆ ಉಬ್ಬುತ್ತದೆ ಎಂಬುದು ಈಗ ಗೊತ್ತಿದೆ. ದದ್ದು ಹೊರಗಿನ ಸುಳಿವು ಮಾತ್ರ. ಉರಿಯೂತ ರಕ್ತನಾಳಗಳ ಗೋಡೆಯಲ್ಲೇ ಇರುತ್ತದೆ.

ಮದ್ದು ಬಂದದ್ದು 1980ರ ದಶಕದಲ್ಲಿ. ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಇಮ್ಯುನೊಗ್ಲೋಬ್ಯುಲಿನ್ (ಸೋಂಕಿನೊಡನೆ ಹೋರಾಡುವ ಪ್ರತಿಕಾಯಗಳು) ಅನ್ನು ಡ್ರಿಪ್ ಮೂಲಕ ಕೊಟ್ಟರೆ ರಕ್ತನಾಳ ಉಬ್ಬುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಪ್ರಮಾಣ ದೇಹತೂಕದ ಕಿಲೋಗೆ 2 ಗ್ರಾಂ, ಎಂದರೆ 20 ಕಿಲೋ ತೂಗುವ ಮಗುವಿಗೆ 40 ಗ್ರಾಂ. ಅಗ್ಗದ ಮದ್ದಲ್ಲ, ಚಿಕ್ಕ ಆಸ್ಪತ್ರೆಗಳಲ್ಲಿ ಸಿಗುವುದೂ ಕಷ್ಟ.

ಇನ್ನು 2020. ದೇಶದ ಮೂರನೆಯ ಕೋವಿಡ್ ಪ್ರಕರಣ ಫೆಬ್ರವರಿ 3ರಂದು ದೃಢಪಟ್ಟದ್ದು ಕಾಸರಗೋಡು ಜಿಲ್ಲೆಯಲ್ಲೇ. ಮಾರ್ಚ್ ಕೊನೆಗೆ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು, ಹಲವು ಒಳದಾರಿಗಳಿಗೆ ಮಣ್ಣು ಬಿತ್ತು. ಚಿಕ್ಕಪುಟ್ಟದ್ದಕ್ಕೂ ಮಂಗಳೂರಿಗೆ ಓಡುತ್ತಿದ್ದ ಮಂಜೇಶ್ವರದ ಜನ ಆಂಬುಲೆನ್ಸ್‌ನಲ್ಲಿದ್ದರೂ ಗಡಿ ದಾಟಲಾಗದೆ ನಿಂತರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಏಪ್ರಿಲ್ ಆರಂಭದಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡ ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ಮಕ್ಕಳಿಗೆ ಕೋವಿಡ್ ಏನೂ ಮಾಡುವುದಿಲ್ಲ ಎಂದು ಆಗ ಎಲ್ಲರೂ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಅದೇ ಏಪ್ರಿಲ್‌ನಲ್ಲಿ ಲಂಡನ್ನಿನ ವೈದ್ಯರು ಹತ್ತು ದಿನಗಳೊಳಗೆ ಎಂಟು ಮಕ್ಕಳನ್ನು ಕಂಡರು. ಜ್ವರ, ದದ್ದು, ಕೆಂಪು ಕಣ್ಣು ಕವಾಸಾಕಿಯಂತೆಯೇ ಇದ್ದವು. ಆದರೆ ಹೊಟ್ಟೆನೋವು, ಭೇದಿ ಜೋರಾಗಿದ್ದವು, ರಕ್ತದೊತ್ತಡ ಕುಸಿಯುತ್ತಿತ್ತು. ಇಟಲಿಯ ಬೆರ್ಗಾಮೊದಲ್ಲಿ ಹಿಂದಿನ ಐದು ವರ್ಷಗಳಲ್ಲಿ ಕವಾಸಾಕಿಯಂಥ ಲಕ್ಷಣಗಳ 19 ಮಕ್ಕಳು ಬಂದಿದ್ದರೆ, ಈಗ ಎರಡೇ ತಿಂಗಳಲ್ಲಿ ಹತ್ತು ಮಕ್ಕಳು ಬಂದರು. ಮೇ 15ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಲಕ್ಷಣಗಳ ಪಟ್ಟಿ ಹೊರಡಿಸಿತು. ಕವಾಸಾಕಿ ಕಾಯಿಲೆ ಹೆಚ್ಚಾಗಿ ಐದು ವರ್ಷದೊಳಗಿನವರದ್ದು; ಇದು ಎಂಟು-ಒಂಬತ್ತರ ಆಸುಪಾಸಿನ ಶಾಲೆಮಕ್ಕಳಲ್ಲಿ ಹೆಚ್ಚು. ಎಷ್ಟೋ ಮಕ್ಕಳ ಮೂಗಿನ ದ್ರವದಲ್ಲಿ ವೈರಸ್ ಸಿಗುತ್ತಿರಲಿಲ್ಲ, ರಕ್ತದಲ್ಲಿ ಪ್ರತಿಕಾಯ ಸಿಗುತ್ತಿತ್ತು. ವೈರಸ್ ಹೋದ ಮೇಲೂ ದೇಹದ ರಕ್ಷಣಾ ವ್ಯವಸ್ಥೆ ಯುದ್ಧ ನಿಲ್ಲಿಸಿರಲಿಲ್ಲ.

ಇನ್ನು ದದ್ದಿನ ರೂಪ. ಅದು ಒಂದೇ ತೆರನಲ್ಲ ಎಂಬುದೇ ದೊಡ್ಡ ತಾಪತ್ರಯ. ಒಬ್ಬರಲ್ಲಿ ದಡಾರದಂತೆ, ಇನ್ನೊಬ್ಬರಲ್ಲಿ ಪಿತ್ತದ ಗಂಧೆಯಂತೆ, ಮತ್ತೊಬ್ಬರಲ್ಲಿ ಮರಳುಕಾಗದದ ಹಾಗೆ ಒರಟು. ಎದೆ, ಹೊಟ್ಟೆ, ತೊಡೆಸಂದಿಯಲ್ಲಿ ಕಾಣುತ್ತದೆ. ಅಂಗೈ ಅಂಗಾಲು ಕೆಂಪಾಗಿ ಊದಿಕೊಳ್ಳುತ್ತದೆ. ಡಾಕ್ಟರ ಸರದಿ ಬರುವುದರೊಳಗೆ ಮಾಯವಾಗುವುದೂ ಉಂಟು, ಆದ್ದರಿಂದ ಮೊಬೈಲಿನಲ್ಲಿ ಒಂದು ಫೋಟೊ ಇಟ್ಟುಕೊಳ್ಳುವುದು ಒಳ್ಳೆಯದು. ಪಠ್ಯಪುಸ್ತಕದ ಚಿತ್ರಗಳು ಬಹುಪಾಲು ಬಿಳಿ ಚರ್ಮದವು. ನಮ್ಮ ಮಕ್ಕಳ ಕಪ್ಪು, ಕಂದು ಮೈಯಲ್ಲಿ ಆ ಕೆಂಪು ಅಷ್ಟು ಎದ್ದುಕಾಣದು. ಕೀವಿಲ್ಲದೆ ಕೆಂಪಾದ ಎರಡೂ ಕಣ್ಣು, ಒಡೆದ ತುಟಿ, ಕೆಂಪು ಗುಳ್ಳೆ ಎದ್ದ ನಾಲಿಗೆಯನ್ನು ನೋಡುವುದು ವಾಸಿ. ಕೂಸುಗಳಲ್ಲಿ ಕ್ಷಯದ ಲಸಿಕೆ ಬಿಸಿಜಿ ಚುಚ್ಚಿದ ಹಳೇ ಕಲೆ ಮತ್ತೆ ಕೆಂಪಾಗಿ ಊದಿದರೆ ಕವಾಸಾಕಿಯ ಶಂಕೆ ಬಲವಾಗುತ್ತದೆ.

ನಮ್ಮ ಜಿಲ್ಲೆಯ ಕಷ್ಟ ಬೇರೊಂದಿದೆ. ಮಳೆಗಾಲದಲ್ಲಿ ಇಲ್ಲಿ ಡೆಂಗಿ, ಇಲಿಜ್ವರ ಎರಡೂ ಓಡಾಡುತ್ತವೆ. ಡೆಂಗಿಯಲ್ಲೂ ದದ್ದು ಬರುತ್ತದೆ, ಹೊಟ್ಟೆ ನೋಯುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಆದರೆ ಡೆಂಗಿಯಲ್ಲಿ ರಕ್ತದೊತ್ತಡ ಕುಸಿದರೆ ಡ್ರಿಪ್‌ನಲ್ಲಿ ಕೊಡುವ ದ್ರವವೇ ಮುಖ್ಯ ಮದ್ದು; ಎಂಐಎಸ್-ಸಿಯಲ್ಲಿ ಹೃದಯದ ಸ್ನಾಯುವೇ ಸೋತಿರಬಹುದಾದ್ದರಿಂದ ಅದೇ ಡ್ರಿಪ್ಪನ್ನು ಅಳೆದು ಕೊಡಬೇಕು, ಜೊತೆಗೆ ಸ್ಟೀರಾಯ್ಡ್, ಇಮ್ಯುನೊಗ್ಲೋಬ್ಯುಲಿನ್ ಬೇಕು. ಹಾಗಾಗಿ ಮೂರು ದಿನ ದಾಟಿದ ಜ್ವರದ ಜೊತೆ ದದ್ದು, ಕೆಂಪು ಕಣ್ಣು, ವಾಂತಿಭೇದಿ ಕಂಡರೆ ಅಥವಾ ಮಗು ಮಂಕಾಗಿ ಕೈಕಾಲು ತಣ್ಣಗಾದರೆ ಕಾಯುತ್ತ ಕೂರಬಾರದು. ಕಳೆದ ತಿಂಗಳು ಮನೆಯಲ್ಲಿ ಯಾರಿಗೆ ನೆಗಡಿ, ಜ್ವರ ಬಂದಿತ್ತು ಎಂಬುದನ್ನು ಡಾಕ್ಟರು ಕೇಳದಿದ್ದರೂ ನಾವೇ ಹೇಳಬೇಕು.

ಒಮಿಕ್ರಾನ್ ಬಂದ ಮೇಲೆ ಎಂಐಎಸ್-ಸಿ ಬಹಳ ಕಡಿಮೆಯಾಗಿದೆ. ಕವಾಸಾಕಿ ಕಾಯಿಲೆ ಮಾತ್ರ ಮೊದಲಿನಂತೆಯೇ ಇದೆ, ಅದರ ಮೂಲ ಕಾರಣ ಇಂದಿಗೂ ಸಿಕ್ಕಿಲ್ಲ. ಎರಡರಲ್ಲೂ ಮಗು ಚೇತರಿಸಿಕೊಂಡ ಮೇಲೂ ಹೃದಯದ ಎಕೋ ಪರೀಕ್ಷೆ ಮತ್ತೆ ಮತ್ತೆ ಮಾಡಿಸಬೇಕು. ಮಂಗಳೂರಿನಲ್ಲಿ ಚಿಕಿತ್ಸೆ ಪಡೆದು ಗಡಿಯೀಚೆ ಮರಳುವವರು ಮರೆಯುವ ಸಂಗತಿ ಇನ್ನೊಂದು. ಅಷ್ಟು ಪ್ರಮಾಣದ ಇಮ್ಯುನೊಗ್ಲೋಬ್ಯುಲಿನ್ ಪಡೆದ ಮಗುವಿಗೆ ದಡಾರದ ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡಬೇಕು, ಇಲ್ಲದಿದ್ದರೆ ಲಸಿಕೆ ಹಿಡಿಯದೆ ಹೋಗಬಹುದು. ಡಿಸ್ಚಾರ್ಜ್ ಚೀಟಿಯನ್ನು ಊರಿನ ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ತೋರಿಸಿದರೆ ಮಗುವಿನ ಲಸಿಕೆ ಕಾರ್ಡಿನಲ್ಲಿ ಹೊಸ ದಿನಾಂಕ ಬರೆದುಕೊಡುತ್ತಾರೆ.