‘ಮೂಳೆ ಸವೆತ’ ಎಂಬ ಮಾತು ಮಾಡುತ್ತಿರುವ ಹಾನಿ

ಕನ್ನಡದಲ್ಲಿ ‘ಸವೆಯುವುದು’ ಎಂದರೆ ಬಳಸಿ ಬಳಸಿ ತೆಳುವಾಗುವುದು. ಚಪ್ಪಲಿಯ ಅಟ್ಟೆ ಸವೆಯುತ್ತದೆ, ನೇಗಿಲ ಕುಳ ಸವೆಯುತ್ತದೆ, ಒರಳುಕಲ್ಲು ಸವೆಯುತ್ತದೆ. ಇಂಥ ವಸ್ತು ಹೆಚ್ಚು ಕಾಲ ಬಾಳಬೇಕಾದರೆ ಅದನ್ನು ಕಡಿಮೆ ಬಳಸಬೇಕು. ಅರವತ್ತು ದಾಟಿದ ಗಂಡಸೊಬ್ಬರಿಗೆ ‘ನಿಮ್ಮ ಮೂಳೆ ಸವೆದಿದೆ’ ಎಂದು ಯಾರಾದರೂ ಹೇಳಿದೊಡನೆ ಮನೆಯವರೆಲ್ಲ ಈ ತರ್ಕವನ್ನೇ ಹಿಡಿಯುತ್ತಾರೆ. ನೀರಿನ ಕೊಡ ಅವರ ಕೈತಪ್ಪುತ್ತದೆ, ಮಹಡಿಯ ಮೇಲಿದ್ದ ಮಂಚ ಕೆಳಗಿಳಿಯುತ್ತದೆ, ನೆಲದ ಮೇಲಿನ ಊಟ ಮೇಜಿಗೇರುತ್ತದೆ, ತೋಟದ ಕೆಲಸಕ್ಕೆ ಆಳು ಬರುತ್ತಾನೆ. ಪ್ರೀತಿಯಿಂದ ಮಾಡುವ ಈ ಏರ್ಪಾಡುಗಳೇ ಅವರ ಮೂಳೆಯನ್ನೂ ಸ್ನಾಯುವನ್ನೂ ಇನ್ನಷ್ಟು ಬೇಗ ಕರಗಿಸುತ್ತವೆ.

ಈ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಕಲಸಿಹೋಗಿವೆ. ಮಂಡಿಯ ಕೀಲಿನಲ್ಲಿ ಮೂಳೆಗಳ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿ ಹಾಳಾಗುವುದು ಒಂದು. ಅದು ನೋವಿನ ಮೂಲಕ ತನ್ನನ್ನು ತಿಳಿಸಿಕೊಳ್ಳುತ್ತದೆ. ಮೂಳೆಯ ಒಳಗಿನ ಹೆಣಿಗೆಯೇ ತೆಳುವಾಗಿ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಇನ್ನೊಂದು. ಅದು ಮೂಳೆ ಮುರಿಯುವ ದಿನದವರೆಗೆ ಯಾವ ಸುಳಿವನ್ನೂ ಕೊಡದೆ ಇರಬಹುದು. ಇದು ಹೆಂಗಸರ ಕಾಯಿಲೆ ಎಂಬ ನಂಬಿಕೆ ಬಲವಾಗಿದೆ. ಗಂಡಸರ ಮೂಳೆ ಗಾತ್ರದಲ್ಲಿ ದೊಡ್ಡದು, ಮುಟ್ಟು ನಿಂತಾಗ ಆಗುವಂಥ ಹಠಾತ್ ಕುಸಿತ ಅವರಲ್ಲಿಲ್ಲ, ಆದ್ದರಿಂದ ಅವರಿಗೆ ಇದು ತಡವಾಗಿ ಬರುತ್ತದೆ ಎಂಬುದು ನಿಜ. ಆದರೆ ಸೊಂಟದ ಬಳಿ ತೊಡೆಮೂಳೆ ಮುರಿದ ಮೇಲೆ ವರ್ಷದೊಳಗೆ ಸಾಯುವವರ ಪ್ರಮಾಣ ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು.

ಬಳಸಿದಷ್ಟೂ ಸವೆಯುವುದು ಜೀವವಿಲ್ಲದ ವಸ್ತುವಿನ ಗುಣ. ಮೂಳೆಗೆ ಜೀವವಿದೆ ಮತ್ತು ತನ್ನ ಮೇಲೆ ಬಿದ್ದ ಭಾರವನ್ನು ಅದು ಗುರುತಿಟ್ಟುಕೊಳ್ಳುತ್ತದೆ. 1860ರ ದಶಕದಲ್ಲಿ ಜ್ಯೂರಿಕ್‌ನ ಅಂಗರಚನಾ ವಿಜ್ಞಾನಿ ಹರ್ಮನ್ ಫಾನ್ ಮೇಯರ್ ತೊಡೆಮೂಳೆಯ ಮೇಲ್ತುದಿಯನ್ನು ಉದ್ದುದ್ದಕ್ಕೆ ಸೀಳಿ, ಅದರೊಳಗಿನ ಸೂಕ್ಷ್ಮ ಎಳೆಗಳು ಕಮಾನುಗಳಂತೆ ಒಂದನ್ನೊಂದು ಹಾಯ್ದುಹೋಗುವುದನ್ನು ತೋರಿಸಿದರು. ಅದೇ ಊರಿನ ಎಂಜಿನಿಯರ್ ಕಾರ್ಲ್ ಕುಲ್ಮನ್ ಅದನ್ನು ಕಂಡಾಗ, ಭಾರ ಎತ್ತುವ ಕ್ರೇನಿನ ಬಾಗಿದ ತೋಳಿಗೆ ತಾವು ಲೆಕ್ಕ ಹಾಕಿ ಎಳೆಯುತ್ತಿದ್ದ ಒತ್ತಡದ ಗೆರೆಗಳನ್ನೇ ಅದರಲ್ಲಿ ಗುರುತಿಸಿದರು. ಕಾಗದದ ಮೇಲಿನ ಗಣಿತ ಮನುಷ್ಯನ ಸೊಂಟದೊಳಗೆ ಮೂಳೆಯಾಗಿ ನಿಂತಿತ್ತು! ಭಾರ ಬದಲಾದರೆ ಈ ಹೆಣಿಗೆಯೂ ಬದಲಾಗುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಪುಸ್ತಕವನ್ನೇ ಬರೆದರು.

ಭಾರ ಬಿದ್ದದ್ದು ಮೂಳೆಗೆ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಹಳ ತಡವಾಗಿ, ಮತ್ತು ದೇಹದ ಬಗ್ಗೆ ನಾನು ಓದಿದ್ದರಲ್ಲೆಲ್ಲ ನನಗೆ ಅತ್ಯಂತ ಸೊಗಸಾಗಿ ಕಂಡದ್ದು ಈ ಉತ್ತರವೇ. ಮೂಳೆಯ ಗಟ್ಟಿ ಭಾಗದೊಳಗೆ ಹೂತಂತೆ ಆಸ್ಟಿಯೋಸೈಟ್ ಎಂಬ ಜೀವಕೋಶಗಳಿವೆ. ವಯಸ್ಕರೊಬ್ಬರ ಅಸ್ಥಿಪಂಜರದಲ್ಲಿ ಅವು ಸುಮಾರು 4,200 ಕೋಟಿ. ಪ್ರತಿ ಕೋಶವೂ ಅತಿಸೂಕ್ಷ್ಮ ಕಾಲುವೆಗಳ ಮೂಲಕ ತನ್ನ ಎಳೆಗಳನ್ನು ಚಾಚಿ ಅಕ್ಕಪಕ್ಕದ ಕೋಶಗಳನ್ನು ಮುಟ್ಟಿಕೊಂಡಿರುತ್ತದೆ, ಆ ಕಾಲುವೆಗಳಲ್ಲಿ ದ್ರವ ತುಂಬಿರುತ್ತದೆ. ನಾವು ಮೆಟ್ಟಿಲಿನ ಮೇಲೆ ಕಾಲೂರಿದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಒದ್ದೆ ಸ್ಪಂಜಿನ ಒಂದು ಮಗ್ಗುಲನ್ನು ಅದುಮಿದಂತೆ ಒಳಗಿನ ದ್ರವ ಸರಿದಾಡುತ್ತದೆ, ಹೊಳೆಯಲ್ಲಿ ನಿಂತವನ ಕಾಲಿಗೆ ನೀರಿನ ಸೆಳವು ತಿಳಿಯುವಂತೆ ಆ ಸರಿದಾಟ ಕೋಶಕ್ಕೆ ತಿಳಿಯುತ್ತದೆ. ಇಲ್ಲಿಂದ ಮುಂದೆ ಈ ಕೋಶವನ್ನು ಕೆರೆಯ ನೀರುಗಂಟಿಯಂತೆ ಊಹಿಸಿಕೊಳ್ಳಬಹುದು. ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನು ಅವನ ಕೈಯಲ್ಲಿರುವ ತೂಬಿನ ಮುಚ್ಚಳ, ಮೂಳೆ ಕಟ್ಟುವ ಕೋಶಗಳು ಕೆಳಗಿನ ಗದ್ದೆ. ಸೆಳವು ತಿಳಿದರೆ ನೀರುಗಂಟಿ ಮುಚ್ಚಳ ಎತ್ತುತ್ತಾನೆ, ಗದ್ದೆ ಹಸಿರಾಗುತ್ತದೆ. ದಿನಗಟ್ಟಲೆ ಸೆಳವೇ ಇಲ್ಲದಿದ್ದರೆ ಮುಚ್ಚಳ ಬಿಗಿಯುತ್ತಾನೆ, ಮೂಳೆ ಕರಗಿಸುವ ಕೋಶಗಳಿಗೂ ಕರೆ ಕಳಿಸುತ್ತಾನೆ. ಇದಕ್ಕೆ ಸಾಕ್ಷಿ ಸಿಕ್ಕಿದ್ದು ದಕ್ಷಿಣ ಆಫ್ರಿಕಾದ ಕೆಲವು ಆಫ್ರಿಕಾನರ್ ಕುಟುಂಬಗಳಲ್ಲಿ. ವಂಶವಾಹಿಯ ದೋಷದಿಂದ ಸ್ಕ್ಲೆರೋಸ್ಟಿನ್ ಇಲ್ಲದೆ ಹುಟ್ಟಿದವರ ಮೂಳೆಗಳು ಜೀವನವಿಡೀ ಬೆಳೆದು ಬಂಡೆಯಂತೆ ದಪ್ಪಗಾಗುತ್ತವೆ. ಆ ವಂಶವಾಹಿ ಯಾವುದೆಂದು 2001ರಲ್ಲಿ ತಿಳಿಯಿತು.

ನೀರುಗಂಟಿಯ ಸ್ವಭಾವದ ಬಗ್ಗೆ ಇನ್ನೊಂದು ಸಂಗತಿಯಿದೆ. 1984ರಲ್ಲಿ ರೂಬಿನ್ ಮತ್ತು ಲಾನ್ಯನ್ ಎಂಬ ಸಂಶೋಧಕರು ಹುಂಜದ ರೆಕ್ಕೆಯ ಮೂಳೆಯೊಂದಕ್ಕೆ ಬೇರಾವ ಭಾರವೂ ತಾಗದಂತೆ ಮಾಡಿ, ಎಣಿಸಿ ಎಣಿಸಿ ಅದನ್ನು ಬಾಗಿಸಿ ನೋಡಿದರು. ದಿನಕ್ಕೆ 4 ಸಲ ಬಾಗಿಸಿದರೆ ಮೂಳೆ ಕರಗುವುದು ನಿಂತಿತು, 36 ಸಲಕ್ಕೆ ಬೆಳೆಯಿತು, 1,800 ಸಲ ಬಾಗಿಸಿದರೂ 36ಕ್ಕಿಂತ ಹೆಚ್ಚೇನೂ ಆಗಲಿಲ್ಲ. ಮೂಳೆಗೆ ಬೇಕಾದುದು ಸ್ವಲ್ಪ ಹೊತ್ತಿನ, ಸ್ವಲ್ಪ ಜೋರಾದ ಭಾರ. ಒಂದೇ ಹದದಲ್ಲಿ ಗಂಟೆಗಟ್ಟಲೆ ನಡೆಯುವುದು, ಸೈಕಲ್ ತುಳಿಯುವುದು, ಈಜುವುದು ಹೃದಯಕ್ಕೆ ಬಹಳ ಒಳ್ಳೆಯದಾದರೂ ಮೂಳೆಗೆ ಅವು ಹೇಳುವ ಸುದ್ದಿ ಕಡಿಮೆ. ಕ್ಯಾಲ್ಸಿಯಂ ಮಾತ್ರೆಯನ್ನೇ ನಂಬಿ ಕುಳಿತವರೂ ಇದನ್ನು ಗಮನಿಸಬೇಕು. ಕ್ಯಾಲ್ಸಿಯಂ, ವಿಟಮಿನ್ ಡಿ, ಪ್ರೋಟೀನು ಬೇಕೇ ಬೇಕು. ಆದರೆ ಅಂಗಳದಲ್ಲಿ ಸಿಮೆಂಟ್ ಚೀಲ ಪೇರಿಸಿದ ಮಾತ್ರಕ್ಕೆ ಗೋಡೆ ಏಳುವುದಿಲ್ಲ. ತಕ್ಕ ಆಹಾರ ಸಿಗುತ್ತಿದ್ದರೂ, ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇದ್ದ ಗಗನಯಾತ್ರಿಗಳು ಸೊಂಟದ ಮೂಳೆಯ ಶೇ 1ರಿಂದ 1.5ರಷ್ಟನ್ನು ಪ್ರತಿ ತಿಂಗಳೂ ಕಳೆದುಕೊಂಡಿದ್ದಾರೆ.

ಟೊಳ್ಳಾದ ಮೂಳೆಯೂ ಸಾಮಾನ್ಯವಾಗಿ ಮುರಿಯುವುದು ಬಿದ್ದಾಗ, ಬೀಳದಂತೆ ಹಿಡಿಯುವುದು ಸ್ನಾಯು. ವಯಸ್ಸಾದಂತೆ ಬೆನ್ನುಹುರಿಯಲ್ಲಿ ಸ್ನಾಯುವನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಒಡೆಯನಿಲ್ಲದಂತಾದ ಸ್ನಾಯುತಂತುಗಳಲ್ಲಿ ಕೆಲವನ್ನು ಪಕ್ಕದ ನರ ಸೇರಿಸಿಕೊಳ್ಳುತ್ತದೆ, ಉಳಿದವು ಸೊರಗುತ್ತವೆ. ಮೊದಲು ಕೃಶವಾಗುವುದು ಚುರುಕಿನ ತಂತುಗಳು, ಅಂದರೆ ಬಚ್ಚಲಲ್ಲಿ ಕಾಲು ಜಾರಿದಾಗ ಕಣ್ಣು ಮಿಟುಕಿಸುವುದರೊಳಗೆ ಇನ್ನೊಂದು ಕಾಲನ್ನು ಮುಂದಿಡಿಸುವ ತಂತುಗಳೇ. ಸ್ನಾಯುವಿನ ಗಾತ್ರ ಕುಗ್ಗುವುದಕ್ಕಿಂತ ಬೇಗ ಅದರ ಬಲ ಕುಗ್ಗುವುದಕ್ಕೆ ಇದೂ ಒಂದು ಕಾರಣ.

ಇದರಲ್ಲಿ ವಯಸ್ಸಿನ ಪಾಲೆಷ್ಟು, ವಿಶ್ರಾಂತಿಯ ಪಾಲೆಷ್ಟು? 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ, ಆಮ್ಲಜನಕವನ್ನು ಬಳಸುವ ಅವರ ದೇಹದ ಸಾಮರ್ಥ್ಯ ಎಷ್ಟು ಕುಸಿಯಿತೆಂದು ಅಳೆದರು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಕರೆಸಿ ಮತ್ತೆ ಅಳೆದಾಗ, ಮೂವತ್ತು ವರ್ಷಗಳ ವಯಸ್ಸು ಮಾಡಿದ್ದಕ್ಕಿಂತ ಆ ಮೂರು ವಾರಗಳ ಹಾಸಿಗೆ ಮಾಡಿದ ನಷ್ಟವೇ ಹೆಚ್ಚೆಂದು ಕಂಡಿತು. ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮವೊಂದರ ಹತ್ತು ಮಂದಿಗೆ, ಸರಾಸರಿ 90ರ ವಯಸ್ಸಿನವರಿಗೆ, ಕಾಲಿನಿಂದ ಭಾರ ಎತ್ತುವ ಗಟ್ಟಿ ವ್ಯಾಯಾಮ ಮಾಡಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂಟು ವಾರಗಳಲ್ಲಿ ಅವರ ತೊಡೆಯ ಬಲ ಸರಾಸರಿ ಶೇ 174ರಷ್ಟು ಏರಿತ್ತು, ಇಬ್ಬರು ಊರುಗೋಲನ್ನೇ ಬಿಟ್ಟಿದ್ದರು. ವ್ಯಾಯಾಮ ನಿಲ್ಲಿಸಿದ ಮೇಲೆ ಕೆಲವೇ ವಾರಗಳಲ್ಲಿ ಬಲ ಮತ್ತೆ ಇಳಿಯತೊಡಗಿತು.

ಏಷ್ಯಾದ ತಜ್ಞರ ಕೂಟವೊಂದು 2019ರಲ್ಲಿ ಹೇಳಿದ ಸರಳ ಪರೀಕ್ಷೆ ಹೀಗಿದೆ: ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿ, ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು, 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯು ಕ್ಷೀಣಿಸಿರುವ ಶಂಕೆ ಇದೆ. ನಮ್ಮ ಮಾವನವರಿಗೆ ಈಗ 71. ಕಳೆದ ವರ್ಷ ಅವರು ಏಳುವಾಗಲೆಲ್ಲ ಅಂಗೈಗಳನ್ನು ತೊಡೆಯ ಮೇಲೆ ಊರಿ, ಒಮ್ಮೆ ಮುಂದಕ್ಕೆ ತೂಗಿ, ಉಸಿರು ಬಿಗಿಹಿಡಿದು ಏಳುತ್ತಿದ್ದರು. ಕೈ ಕಟ್ಟಿಸಿ ನೋಡಿದಾಗ 19 ಸೆಕೆಂಡು ಹಿಡಿಯಿತು. ಮೂಳೆಯ ಸಾಂದ್ರತೆಯನ್ನೂ ಹೃದಯವನ್ನೂ ವೈದ್ಯರಿಂದ ಪರೀಕ್ಷಿಸಿಕೊಂಡ ಮೇಲೆ, ಗರಡಿಮನೆಯ ಹುಡುಗರು ಬಸ್ಕಿ ಹೊಡೆಯುವಂತೆ, ಆದರೆ ಹಿಂದೆ ಕುರ್ಚಿ ಇಟ್ಟುಕೊಂಡು, ಬೆಳಿಗ್ಗೆ ಎಂಟು ಸಂಜೆ ಎಂಟು ಸಲ ಏಳತೊಡಗಿದರು. ತಿಂಗಳೊಂದು ಕಳೆದ ಮೇಲೆ ಎದೆಗೆ ಎರಡು ಕಿಲೋ ಅಕ್ಕಿಯ ಚೀಲ ಅವುಚಿಕೊಂಡರು, ಆಮೇಲೆ ಐದು ಕಿಲೋದ್ದು. ಮೊನ್ನೆ ಗಡಿಯಾರ ಹಿಡಿದಾಗ 11 ಸೆಕೆಂಡು ಆಗಿತ್ತು, ಕೈಗಳು ಎದೆಯ ಮೇಲೆಯೇ ಇದ್ದವು.