ಕ್ಯಾನ್ವಾಸ್ ಮಾಡುವುದು: ಬಟ್ಟೆಯಿಂದ ಬಾಗಿಲವರೆಗೆ

ಕನ್ನಡದಲ್ಲಿ ಈ ಪದಕ್ಕೆ ಅಂಥ ಒಳ್ಳೆಯ ಹೆಸರೇನೂ ಇಲ್ಲ. ‘ಅವನು ಬಿಡಿ, ಅವರ ಪರ ಕ್ಯಾನ್ವಾಸ್ ಮಾಡ್ಕೊಂಡು ತಿರುಗ್ತಾನೆ’ ಅಂದರೆ ಮಾತಿನೊಳಗೆ ಒಂದು ಕೊಂಕು ಇದ್ದೇ ಇರುತ್ತದೆ. ನೇಮಕಾತಿ ಜಾಹೀರಾತಿನ ತುದಿಯಲ್ಲಿ, ಕ್ಯಾನ್ವಾಸಿಂಗ್ ಮಾಡಿದವರು ಅನರ್ಹರು ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿ ಇರುತ್ತದಲ್ಲ, ಅಲ್ಲಿ ಅದು ವಶೀಲಿ. ವಿಮೆ ಏಜೆಂಟರ ಬಾಯಲ್ಲಿ ಗಿರಾಕಿ ಹಿಡಿಯುವುದು. ಚುನಾವಣೆ ಬಂತೆಂದರೆ ಮತಯಾಚನೆ. ಎಲ್ಲ ಕಡೆಯೂ ಒಬ್ಬರು ಕೇಳುವವರು, ಇನ್ನೊಬ್ಬರು ಕೊಡುವವರು. ಆದರೆ ಈ ಪದದ ಹೊಟ್ಟೆಯಲ್ಲಿ ಇನ್ನೊಂದು ಅರ್ಥವಿದೆ. ಊರಿನ ಕೆಲಸಕ್ಕೆಂದು ಮನೆಮನೆ ಸುತ್ತುವ ಸ್ವಯಂಸೇವಕರಿಗೆ ಹೆಚ್ಚು ಬೇಕಾದದ್ದು ಅದೇ.

ಮೊದಲು ಬಟ್ಟೆ. ಚಿತ್ರ ಬರೆಯುವ ಕ್ಯಾನ್ವಾಸ್, ಕಾಲಿಗೆ ಹಾಕುವ ಕ್ಯಾನ್ವಾಸ್ ಶೂ, ಚುನಾವಣೆಯ ಕ್ಯಾನ್ವಾಸ್, ಮೂರೂ ಒಂದೇ ಬೇರಿನವು. ಲ್ಯಾಟಿನ್ನಿನ ‘ಕ್ಯಾನಬಿಸ್’, ಅಂದರೆ ನಮ್ಮ ಭಂಗಿ ಗಿಡ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಆ ಗಿಡದ ನಾರಿನಿಂದ ನೇಯ್ದ ಒರಟು ಬಟ್ಟೆಗೆ ಆ ಹೆಸರು ನಿಂತಿತು. (ಮತ ಕೇಳಲು ಬಂದವರ ಮಾತಿಗೂ ಭಂಗಿಗೂ ನಂಟಿರಬೇಕು ಎಂಬ ಅನುಮಾನ ಮೊದಲೇ ಇದ್ದವರು ಇಲ್ಲಿ ನಕ್ಕು ಮುಂದೆ ಹೋಗಬಹುದು.) 16ನೇ ಶತಮಾನದಲ್ಲಿ ಅದು ಕ್ರಿಯಾಪದವಾಯಿತು. ಒಬ್ಬರನ್ನು ದಪ್ಪ ಬಟ್ಟೆಯ ಮೇಲೆ ಹಾಕಿ, ಮೂಲೆಗಳನ್ನು ಹಿಡಿದು ಮೇಲಕ್ಕೆ ಎಸೆಯುವುದು, ಶಿಕ್ಷೆಗೋ ಮೋಜಿಗೋ. ಅಲ್ಲಿಂದ ಬಡಿಯುವುದು, ಮಾತಲ್ಲಿ ಝಾಡಿಸುವುದು, ಒಂದು ವಿಷಯವನ್ನು ಮಗುಚಿ ಮಗುಚಿ ಚರ್ಚಿಸುವುದು ಎಂಬ ಅರ್ಥಗಳು ಹುಟ್ಟಿದವು. ಬೆಂಬಲ ಕೇಳುವ ಅರ್ಥವೂ ಅದೇ ಶತಮಾನದಲ್ಲಿ ಸೇರಿಕೊಂಡಿತು. ಬಟ್ಟೆಯಿಂದ ಮತಕ್ಕೆ ಪದ ಹೇಗೆ ಜಿಗಿಯಿತು ಎಂಬುದಕ್ಕೆ ಪಂಡಿತರ ಬಳಿ ಇರುವುದು ಊಹೆಗಳು. ಒರಟು ಬಟ್ಟೆಯಲ್ಲಿ ಸೋಸುವುದರಿಂದ ಬಂತು ಎನ್ನುವುದು ಅದರಲ್ಲೊಂದು.

ಇದು ವಿಚಿತ್ರ ಅನ್ನಿಸಿದರೆ ನಮ್ಮದೇ ‘ಜಾಲಾಡು’ ನೋಡಿ. ಬಟ್ಟೆಯನ್ನು ನೀರಲ್ಲಿ ಅತ್ತಿತ್ತ ಆಡಿಸಿ ತೊಳೆದರೆ ಜಾಲಾಡುವುದು. ಬೀಗದ ಕೈ ಕಳೆದರೆ ಮನೆಯನ್ನೆಲ್ಲ ಜಾಲಾಡುತ್ತೇವೆ. ಸಭೆಯಲ್ಲಿ ಸದಸ್ಯರು ಅಧಿಕಾರಿಯನ್ನು ಜಾಲಾಡುತ್ತಾರೆ. ತೊಳೆಯುವುದು, ಹುಡುಕುವುದು, ತರಾಟೆಗೆ ತೆಗೆದುಕೊಳ್ಳುವುದು: ಇಂಗ್ಲಿಷ್ ಪದ ನಡೆದ ದಾರಿಯಲ್ಲೇ ನಮ್ಮ ಪದವೂ ಮುಕ್ಕಾಲು ದೂರ ನಡೆದಿದೆ, ಮತದ ಬಾಗಿಲಿಗೆ ಮಾತ್ರ ಬಂದಿಲ್ಲ. ನನ್ನನ್ನು ಕೇಳಿದರೆ ಕ್ಯಾನ್ವಾಸಿಂಗ್‌ನ ತಿರುಳಿರುವುದು ಈ ಜಾಲಾಟದಲ್ಲೇ. ಕೈಮುಗಿದು ಕೇಳುವುದು ಮೇಲಿನ ನೊರೆ.

ಒಂದು ಬಾಗಿಲ ಮುಂದೆ ನಿಂತು ನೋಡೋಣ. ಹೊತ್ತು ಹನ್ನೊಂದು. ಯಾವ ಪಕ್ಷಕ್ಕೂ ಸೇರದ ಇಬ್ಬರು ಸ್ವಯಂಸೇವಕರು. ಒಬ್ಬಳ ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಮತದಾರರ ಪಟ್ಟಿ, ದಾರ ಕಟ್ಟಿದ ಪೆನ್ನು. ಬಾಗಿಲು ತೆಗೆದವರು ಒಬ್ಬ ಅಜ್ಜಿ.

‘ಅಜ್ಜಿ, ಈ ಮನೇಲಿ ನಾಲ್ಕು ಓಟಿದೆ ಅಂತ ಪಟ್ಟೀಲಿ ಇದೆ. ಎಲ್ಲಾರೂ ಇಲ್ಲೇ ಇದ್ದೀರಾ?’

‘ಎಲ್ಲೀ ನಾಲ್ಕಮ್ಮ. ನಮ್ಮ ಯಜಮಾನ್ರು ಹೋಗಿ ಎರಡು ವರ್ಷ ಆಯ್ತು. ಮಗ ಸೊಸೆ ಕೆಲಸದ ಊರಲ್ಲವ್ರೆ. ಮೊಮ್ಮಗಳಿಗೆ ಹದಿನೆಂಟು ತುಂಬ್ತು, ಅವಳದ್ದು ಬಂದಿದೆಯಾ ನೋಡು.’

ಬಂದಿಲ್ಲ. ‘ನೀವು ಓಟಿಗೆ ಹೋಗ್ತೀರಲ್ಲ ಅಜ್ಜಿ?’

‘ಹೋದ್ಸಲ ಹೋಗಿದ್ದೆ ಕಣಮ್ಮ. ಮೆಟ್ಟಿಲು ಹತ್ತಕ್ಕಾಗದೆ ವಾಪಸ್ ಬಂದೆ.’

ಎರಡು ನಿಮಿಷ ಆಗಿರಬಹುದು. ಯಾರಿಗೆ ಓಟು ಹಾಕಬೇಕೆಂಬ ಮಾತೇ ಬರಲಿಲ್ಲ. ಆದರೂ ಪಟ್ಟಿಯ ಅಂಚು ತುಂಬಿತು: ತೆಗೆಯಬೇಕಾದ ಹೆಸರು ಒಂದು, ವಿಚಾರಿಸಬೇಕಾದವು ಎರಡು, ಸೇರಬೇಕಾದದ್ದು ಒಂದು, ಜೊತೆಗೆ ಮೆಟ್ಟಿಲು. ಭಾರತದಲ್ಲಾದರೆ ಹೊಸ ಹೆಸರಿಗೆ ನಮೂನೆ 6, ತೆಗೆಯಲು ನಮೂನೆ 7, ವಿಳಾಸ ಬದಲಿದ್ದರೆ ನಮೂನೆ 8. ಹೆಸರು ಸೇರಿಸುವ ತೆಗೆಯುವ ಅಧಿಕಾರ ಸ್ವಯಂಸೇವಕರಿಗೆ ಇಲ್ಲ, ಅದು ಮತದಾರರ ನೋಂದಣಿ ಅಧಿಕಾರಿಯದು. ಆದರೆ ಯಾವ ಮನೆಗೆ ಯಾವ ನಮೂನೆ ಬೇಕೆಂದು ತಿಳಿಸಲು, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಯಾರೆಂದು ಹೇಳಲು ಅಧಿಕಾರ ಬೇಕಿಲ್ಲ. ಇನ್ನು ಮೆಟ್ಟಿಲಿನ ಮಾತು. ಅದೇ ಬೀದಿಯಲ್ಲಿ ಇನ್ನೂ ನಾಲ್ಕು ಮನೆಯವರು ಅದನ್ನೇ ಹೇಳಿದರೆ, ಅದು ಅಜ್ಜಿಯ ಮಂಡಿನೋವಾಗಿ ಉಳಿಯುವುದಿಲ್ಲ. ಮತಗಟ್ಟೆಯನ್ನು ನೆಲಮಹಡಿಗೆ ತನ್ನಿ, ಇಳಿಜಾರು ಹಾಕಿಸಿ ಎಂಬ ಐದು ಸಹಿಯ ಅರ್ಜಿಯಾಗುತ್ತದೆ. ಮತದಾರರ ಜಾಗೃತಿ ಅನ್ನುವುದು ಊರಪರ ವಕಾಲತ್ತಾಗಿ ಬದಲಾಗುವುದು ಹೀಗೆ, ಭಾಷಣದಲ್ಲಲ್ಲ, ಪಟ್ಟಿಯ ಅಂಚಿನಲ್ಲಿ.

ಬಾಗಿಲಿಗೆ ಹೋಗುವುದರಿಂದ ನಿಜಕ್ಕೂ ಉಪಯೋಗವಿದೆಯೇ? 1998ರಲ್ಲಿ ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಸುಮಾರು 30,000 ಮತದಾರರನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ಚೀಟಿ ಎತ್ತಿದ ಹಾಗೆ ಆರಿಸಿ ಕೆಲವರ ಮನೆಗೆ ಜನ ಹೋದರು, ಕೆಲವರಿಗೆ ಅಂಚೆ, ಕೆಲವರಿಗೆ ಫೋನು, ಉಳಿದವರಿಗೆ ಏನೂ ಇಲ್ಲ. ಪಕ್ಷದ ಮಾತಿಲ್ಲ, ‘ಬಂದು ಮತ ಹಾಕಿ’ ಅಷ್ಟೇ. ಮನೆಗೇ ಹೋಗಿ ಮಾತಾಡಿಸಿದವರಲ್ಲಿ ಮತದಾನ ಸ್ಪಷ್ಟವಾಗಿ ಏರಿತು, ಅಂಚೆಯಿಂದ ತುಸು, ಬಾಡಿಗೆ ಕರೆಗಾರರ ಫೋನಿನಿಂದ ಏನೂ ಇಲ್ಲ.

ಮತಗಟ್ಟೆಗೆ ತರುವುದು ಬೇರೆ, ಮನಸ್ಸು ಬದಲಿಸುವುದು ಬೇರೆ. ಜೋಶುವಾ ಕಾಲ ಮತ್ತು ಡೇವಿಡ್ ಬ್ರೂಕ್‌ಮನ್ ಎಂಬ ಸಂಶೋಧಕರು 49 ಕ್ಷೇತ್ರ ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದ ಫಲಿತಾಂಶ ಕಾರ್ಯಕರ್ತರಿಗೆ ಕಹಿಯೇ: ಅಮೆರಿಕದ ಸಾರ್ವತ್ರಿಕ ಚುನಾವಣೆಯಲ್ಲಿ ಇಂಥ ಭೇಟಿ, ಪತ್ರ, ಕರೆಗಳಿಂದ ಅಭ್ಯರ್ಥಿಯ ಆಯ್ಕೆ ಬದಲಾಗುವ ಪ್ರಮಾಣ ಸರಾಸರಿ ಸೊನ್ನೆಯ ಆಸುಪಾಸು. ‘ಒಂದು ಸಲ ನಾನು ಮಾತಾಡಿದರೆ ಸಾಕು, ಒಪ್ಪಿಸಿಬಿಡ್ತೀನಿ’ ಎನ್ನುವ ಉತ್ಸಾಹಿ ಎಲ್ಲ ತಂಡದಲ್ಲೂ ಒಬ್ಬರಿರುತ್ತಾರೆ. ಅವರಿಗೆ ಪಟ್ಟಿ ಕೊಡಬೇಡಿ, ಬಾವುಟ ಕೊಡಿ.

ಇದಕ್ಕೊಂದು ಅಪವಾದವಿದೆ, ಅದರ ಹಿಂದೊಂದು ಹಗರಣವೂ ಇದೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಜನ ಸಲಿಂಗಿಗಳ ಮದುವೆಗೆ ತಡೆ ಹಾಕುವ ಪ್ರಸ್ತಾಪವನ್ನು ಮತದಿಂದ ಗೆಲ್ಲಿಸಿದರು. ಸೋತ ಕಡೆಯ ಲಾಸ್ ಏಂಜಲೀಸ್‌ನ ಸ್ವಯಂಸೇವಕರು ತಮ್ಮ ವಿರುದ್ಧ ಮತ ಹಾಕಿದವರ ಬಾಗಿಲಿಗೇ ಹೋಗಿ ‘ಯಾಕೆ?’ ಎಂದು ಕೇಳತೊಡಗಿದರು. ವಾದವಿಲ್ಲ, ಅವರ ಅನುಭವ ಕೇಳುವುದು, ತಮ್ಮದು ಹೇಳುವುದು. ಇದಕ್ಕೆ ಆಮೇಲೆ ‘ಡೀಪ್ ಕ್ಯಾನ್ವಾಸಿಂಗ್’ ಎಂಬ ಹೆಸರು ಬಿತ್ತು. ಇದರಿಂದ ಮನಸ್ಸು ಬದಲಾಗುತ್ತದೆಂದು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು, ದೊಡ್ಡ ಸುದ್ದಿಯಾಯಿತು. ಅದರ ದತ್ತಾಂಶ ನಂಬುವಂತಿಲ್ಲ ಎಂದು ಬಯಲಾಗಿ ಮರುವರ್ಷವೇ ಪತ್ರಿಕೆ ಪ್ರಬಂಧವನ್ನು ಹಿಂಪಡೆಯಿತು. ಬಯಲಿಗೆಳೆದವರಲ್ಲಿ ಮೇಲೆ ಹೇಳಿದ ಕಾಲ ಮತ್ತು ಬ್ರೂಕ್‌ಮನ್ ಇಬ್ಬರೂ ಇದ್ದರು. ತಮಾಷೆಯೆಂದರೆ ಅವರೇ ಮಯಾಮಿಯಲ್ಲಿ ನಿಜವಾದ ಪ್ರಯೋಗ ನಡೆಸಿ 2016ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದರು: ಲಿಂಗತ್ವ ಅಲ್ಪಸಂಖ್ಯಾತರ ಕುರಿತ ಪೂರ್ವಗ್ರಹ ಸುಮಾರು 10 ನಿಮಿಷದ ಅಂಥ ಮಾತುಕತೆಯಿಂದ ತಗ್ಗಿತ್ತು, ಕಡಿಮೆಯೆಂದರೆ 3 ತಿಂಗಳು ಹಾಗೇ ಉಳಿದಿತ್ತು. ಅಲ್ಲೂ ಕೆಲಸ ಮಾಡಿದ್ದು ಕಿವಿಯೇ.

ಜಾಲಾಟಕ್ಕೆ ಕರಾಳ ಮುಖವೂ ಉಂಟು. ಬ್ರಿಟನ್ನಿನಲ್ಲಿ 1872ರ ಕಾಯ್ದೆಯಿಂದ ಗುಪ್ತ ಮತದಾನ ಬರುವ ತನಕ ಜನ ಎಲ್ಲರೆದುರು ಹೆಸರು ಹೇಳಿ ಮತ ಹಾಕಬೇಕಿತ್ತು. ಯಾರು ಯಾರಿಗೆ ಹಾಕಿದರೆಂಬ ಪುಸ್ತಕಗಳೇ ಅಚ್ಚಾಗುತ್ತಿದ್ದವು. ಜಮೀನ್ದಾರನ ಕಡೆಯವನು ಬಾಗಿಲಲ್ಲಿ ನಿಂತು ‘ನಿನ್ನದು ಯಾರಿಗಪ್ಪ?’ ಅಂದರೆ ಅದು ಪ್ರಶ್ನೆಯಲ್ಲ, ಬೆದರಿಕೆ. 1784ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕ್ಷೇತ್ರದ ಚುನಾವಣೆಯಲ್ಲಿ ರಾಜಕಾರಣಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಪರವಾಗಿ ಡೆವನ್‌ಶೈರ್‌ನ ಡಚೆಸ್ ಜಾರ್ಜಿಯಾನಾ ಬೀದಿ ಸುತ್ತಿದ್ದಕ್ಕೆ, ಮತಕ್ಕಾಗಿ ಕಟುಕನಿಗೆ ಮುತ್ತು ಕೊಟ್ಟಳು ಎಂದು ವ್ಯಂಗ್ಯಚಿತ್ರಗಾರರು ಹಬ್ಬ ಮಾಡಿದರು. ಫಾಕ್ಸ್ ಆರಿಸಿಬಂದರು, ಮಾತು ಮಾತ್ರ ಆಕೆಗೆ ಅಂಟಿಕೊಂಡಿತು. ಹೆಂಗಸರು ಮನೆಮನೆ ಪ್ರಚಾರಕ್ಕೆ ಹೊರಟರೆ ಕೇಳಬೇಕಾದ ಮಾತುಗಳ ಚರಿತ್ರೆ ಎಷ್ಟು ಉದ್ದ ನೋಡಿ.

ಹಣ ಕೊಟ್ಟು ಮತಯಾಚಕರನ್ನು ಇಟ್ಟುಕೊಳ್ಳುವುದು ಬ್ರಿಟನ್ನಿನಲ್ಲಿ ಇಂದಿಗೂ ಅಕ್ರಮ. ಬಾಗಿಲು ತಟ್ಟುವವರು ಬಿಟ್ಟಿ ದುಡಿಯುವವರೇ ಆಗಿರಬೇಕು. ಜಪಾನ್ ಇನ್ನೂ ಮುಂದೆ ಹೋಗಿ, ಮತಕ್ಕಾಗಿ ಮನೆಮನೆಗೆ ಹೋಗುವುದನ್ನೇ 1925ರಲ್ಲಿ ನಿಷೇಧಿಸಿತು. ಬಾಗಿಲೊಳಗೆ ದುಡ್ಡು ಕೈ ಬದಲಾಯಿಸುತ್ತದೆ ಎಂಬ ಭಯ. ನಿಷೇಧ ಈಗಲೂ ಇದೆ, ಹಾಗಾಗಿ ಅಲ್ಲಿನ ಅಭ್ಯರ್ಥಿಗಳು ಧ್ವನಿವರ್ಧಕದ ವಾಹನದಲ್ಲಿ ತಮ್ಮ ಹೆಸರನ್ನೇ ಮತ್ತೆ ಮತ್ತೆ ಕೂಗುತ್ತ ಬೀದಿ ಸುತ್ತುತ್ತಾರೆ. ನಮ್ಮಲ್ಲಿ ತಿರುಗಾಮುರುಗಾ. ಮತದಾನಕ್ಕೆ 48 ಗಂಟೆ ಇರುವಾಗ ‘ಬಹಿರಂಗ ಪ್ರಚಾರಕ್ಕೆ ತೆರೆ’ ಎಂಬ ತಲೆಬರಹ ಬಂತೆಂದರೆ ಮೈಕು ನಿಲ್ಲುತ್ತದೆ, ಬಾಗಿಲು ಬಡಿಯುವ ಸದ್ದು ಶುರುವಾಗುತ್ತದೆ. ಮತದಾನದ ದಿನ ಮತಗಟ್ಟೆಯ 100 ಮೀಟರ್ ಒಳಗೆ ಕ್ಯಾನ್ವಾಸಿಂಗ್ ಕೂಡದು ಎನ್ನುತ್ತದೆ 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 130ನೇ ಕಲಂ. ಕೊನೆಯ ಆ ಎರಡು ರಾತ್ರಿ ಬಾಗಿಲಲ್ಲಿ ಏನೆಲ್ಲ ನಡೆಯುತ್ತದೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಜಪಾನಿನವರ ಭಯ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ.

ಸೋಸುವ ಅರ್ಥ ಸತ್ತಿಲ್ಲ ಎನ್ನುವುದಕ್ಕೆ ಎರಡು ಸಾಕ್ಷಿ. ಬ್ರಿಟನ್ನಿನಲ್ಲಿ ಪ್ರತಿ ವರ್ಷ ಮನೆಗಳಿಂದ ಮಾಹಿತಿ ಪಡೆದು ಮತದಾರರ ಪಟ್ಟಿ ಸರಿಪಡಿಸುವ ಸರ್ಕಾರಿ ಕೆಲಸದ ಹೆಸರೇ ‘ವಾರ್ಷಿಕ ಕ್ಯಾನ್ವಾಸ್’. ಅಮೆರಿಕದಲ್ಲಿ ಮತದಾನ ಮುಗಿದ ಮೇಲೆ ಬಿದ್ದ ಮತಗಳನ್ನು ತಾಳೆ ನೋಡಿ ಅಧಿಕೃತಗೊಳಿಸುವುದೂ ‘ಕ್ಯಾನ್ವಾಸ್’. ಎರಡರಲ್ಲೂ ಯಾರೂ ಯಾರಿಂದಲೂ ಏನನ್ನೂ ಬೇಡುವುದಿಲ್ಲ.

ಕನ್ನಡದಲ್ಲಿ ಏನನ್ನೋಣ? ‘ಮತಯಾಚನೆ’ಯಲ್ಲಿ ಯಾಚನೆ ಇದೆ, ಅಭ್ಯರ್ಥಿಗೆ ಸರಿ, ಪಕ್ಷವಿಲ್ಲದ ಸ್ವಯಂಸೇವಕರಿಗೆ ಒಪ್ಪುವುದಿಲ್ಲ. ‘ಮನೆಮನೆ ಭೇಟಿ’ ಸಭ್ಯವಾಗಿದೆ, ಆದರೆ ಕೈಯಲ್ಲಿರುವ ಪಟ್ಟಿ ಅದರಲ್ಲಿ ಕಾಣುವುದಿಲ್ಲ. ನೆಂಟರ ಮನೆಗೂ ಭೇಟಿಯೇ. ‘ಬೀದಿ ಜಾಲಾಡುವುದು’ ಅಂದರೆ ಪೊಲೀಸರು ಬಂದರೇನೋ ಅನ್ನಿಸೀತು. ಸದ್ಯಕ್ಕೆ ‘ಕ್ಯಾನ್ವಾಸ್’ ಇರಲಿ, ಕೊಂಕು ತೆಗೆದು ಬಳಸೋಣ. ಆ ಹುಡುಗಿಯರ ಪಟ್ಟಿಯಲ್ಲಿ ಇನ್ನೂ ಎಷ್ಟೋ ಹೆಸರುಗಳ ಮುಂದೆ ‘ಮನೆ ಬೀಗ’ ಎಂದಿದೆ. ಸಂಜೆ ಆರರ ಮೇಲೆ ಅದೇ ಬೀದಿಗೆ ಇನ್ನೊಂದು ಸುತ್ತು ಹೋಗಬೇಕು.