ದಿನಕ್ಕೆ ಒಂದೇ ಹೊತ್ತು

ಬಿಸಿಲು ಏರತೊಡಗಿದರೆ ಚಿಕ್ಕೋಡಿ ಕಡೆಯ ನನ್ನ ದವಾಖಾನೆಗೆ ಒಂದು ಬಗೆಯ ಫೋನು ಬರಲು ಶುರುವಾಗುತ್ತದೆ. "ಸಾಹೇಬ್ರ, ಸಂಘ ನಮ್ಮೂರಿಗೆ ಬಂದೈತ್ರಿ. ಒಬ್ಬ ಮಹಾರಾಜರಿಗೆ ಮೈ ಬಿಸಿ ಐತಿ. ಆಹಾರದ ಮೊದಲ ಬಂದು ನೋಡ್ರಿ." ಆ 'ಆಹಾರದ ಮೊದಲ' ಅನ್ನುವ ಮಾತಿನಲ್ಲೇ ಎಲ್ಲ ಇದೆ. ಬೆಳಗಿನ ಹತ್ತು ಗಂಟೆಯೊಳಗೆ ನಾನು ತಲುಪದಿದ್ದರೆ ನನ್ನ ಔಷಧಿ ಅವರ ಹೊಟ್ಟೆಗೆ ಹೋಗುವುದು ಮರುದಿನವೇ.

ಮಹಾರಾಜರು ಅಂದರೆ ದಿಗಂಬರ ಜೈನ ಮುನಿಗಳು, ಸಂಘ ಅಂದರೆ ಒಟ್ಟಾಗಿ ನಡೆಯುವ ಅವರ ಗುಂಪು. ಅವರಿಗೆ ಮನೆ ಇಲ್ಲ. ವಾಹನ, ಚಪ್ಪಲಿ, ಬಟ್ಟೆ, ದುಡ್ಡು ಯಾವುದೂ ಇಲ್ಲ. ಪಿಂಛಿ ಅನ್ನುವ ನವಿಲುಗರಿಯ ಕುಂಚ, ಒಂದು ಕಮಂಡಲ, ಓದಲು ಒಂದು ಶಾಸ್ತ್ರ, ಇಷ್ಟೇ. ಕಮಂಡಲದ ನೀರೂ ಕುಡಿಯಲಿಕ್ಕಲ್ಲ, ಕೈಕಾಲು ತೊಳೆಯಲಿಕ್ಕೆ. ಮಳೆಗಾಲದ ನಾಲ್ಕು ತಿಂಗಳು ಒಂದೂರಲ್ಲಿ ಚಾತುರ್ಮಾಸ. ಉಳಿದ ತಿಂಗಳು ಊರಿಂದ ಊರಿಗೆ ವಿಹಾರ. ಅಂದರೆ ನಡಿಗೆ, ಎಷ್ಟೋ ದಿನ 15-20 ಕಿಲೋಮೀಟರ್. ಊಟ ಮತ್ತು ನೀರು ಎರಡೂ ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ.

ನಮ್ಮ ಬೆಳಗಾವಿ ಜಿಲ್ಲೆಗೆ ಈ ನಡಿಗೆ ಹೊಸದಲ್ಲ. ಭೋಜ ಗ್ರಾಮದ ಶಾಂತಿಸಾಗರರು 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ ತಗೊಂಡರು. 1927ರಲ್ಲಿ ಸಂಘ ಕಟ್ಟಿಕೊಂಡು ಜೈನರ ದೊಡ್ಡ ತೀರ್ಥವಾದ ಸಮ್ಮೇದ ಶಿಖರಜಿಗೆ ಹೊರಟರು. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಹುಡುಗ 1968ರಲ್ಲಿ ಅಜ್ಮೇರದಲ್ಲಿ ದೀಕ್ಷೆ ಪಡೆದು ವಿದ್ಯಾಸಾಗರರಾದರು. ಮುಂದಿನ ಊರು ಯಾವುದು ಅಂತ ಮೊದಲೇ ಹೇಳದೆ ನಡೆಯುವವರು ಅಂತಲೇ ಅವರ ಹೆಸರು. 2024ರ ಫೆಬ್ರುವರಿಯಲ್ಲಿ ಛತ್ತೀಸಗಢದ ಡೋಂಗರಗಢದಲ್ಲಿ ಅವರ ನಡಿಗೆ ನಿಂತಿತು.

ಈ ಕೆಲಸದಲ್ಲಿ ನಾನು ಮೊದಲು ಮಾಡಿದ ತಪ್ಪನ್ನು ಹೇಳಲೇಬೇಕು. ಹೊಸದಾಗಿ ದವಾಖಾನೆ ಇಟ್ಟಾಗ ಜ್ವರ ಬಂದ ಒಬ್ಬ ಮುನಿಗಳಿಗೆ ದಿನಕ್ಕೆ ಮೂರು ಸಲ ಅಂತ ಕ್ಯಾಪ್ಸೂಲ್ ಬರೆದೆ. ಚೌಕಾದಲ್ಲಿ, ಅಂದರೆ ಮುನಿಗಳ ಆಹಾರಕ್ಕೆ ಮಡಿಯಿಂದ ಅಡುಗೆ ಮಾಡುವ ಜಾಗದಲ್ಲಿ, ಅಡುಗೆ ಮಾಡುತ್ತಿದ್ದ ಅಜ್ಜಿ ಚೀಟಿ ನೋಡಿ ಮೆಲ್ಲಗೆ ಕೇಳಿದರು: "ಉಳಿದ ಎರಡು ಯಾವಾಗ ಕೊಡೂದ್ರಿ ಸಾಹೇಬ್ರ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾಪ್ಸೂಲಿನ ಮೇಲ್ಕವಚ ಸಾಮಾನ್ಯವಾಗಿ ಪ್ರಾಣಿಯ ಎಲುಬು, ಚರ್ಮದಿಂದ ಮಾಡುವ ಜೆಲಟಿನ್. ಅದೂ ಅವರಿಗೆ ಸಲ್ಲದು. ಜೇನು ಹಾಕಿದ ಸಿರಪ್ಪೂ ಸಲ್ಲದು. ಈಗ ಮೊದಲು ಕೇಳುವ ಪ್ರಶ್ನೆಯೇ ಬೇರೆ: "ಮಹಾರಾಜರು ಏನೇನು ಬಿಟ್ಟಿದ್ದಾರೆ?" ಹಾಲು, ಮೊಸರು, ತುಪ್ಪ, ಎಣ್ಣೆ, ಉಪ್ಪು, ಸಕ್ಕರೆ, ಈ ಆರು ರಸಗಳಲ್ಲಿ ಒಂದೆರಡನ್ನೋ ಎಲ್ಲವನ್ನೋ ಬಿಟ್ಟವರು ಇರುತ್ತಾರೆ. ಅದು ತಿಳಿಯದೆ ಪಥ್ಯ ಹೇಳುವುದು ಸುಮ್ನೆ ಮಾತು.

ನನಗೆ ಜಾಸ್ತಿ ಚಿಂತೆ ನೀರಿನದು. ಆಹಾರದ ಹೊತ್ತನ್ನು ಹತ್ತಿರದಿಂದ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಎರಡೂ ಅಂಗೈ ಕೂಡಿಸಿ ಅವರು ನಿಂತಿರುತ್ತಾರೆ. ಒಬ್ಬರು ತಂಬಿಗೆಯಿಂದ ನೀರು ಹನಿಸುತ್ತಾರೆ, ಇನ್ನೊಬ್ಬರು ತುತ್ತು ಇಡುತ್ತಾರೆ. ಇಡುವ ಮೊದಲು ಪ್ರತಿ ತುತ್ತನ್ನೂ ಬೆರಳಲ್ಲಿ ಬಿಡಿಸಿ ನೋಡುತ್ತಾರೆ. ಅಷ್ಟಾದರೂ ಒಂದು ಕೂದಲು, ಒಂದು ಸತ್ತ ಇರುವೆ ಕಂಡಿತೋ, ಬೊಗಸೆ ಬಿಚ್ಚಿಕೊಳ್ಳುತ್ತದೆ. ಅಂತರಾಯ. ಅವತ್ತಿಗೆ ಊಟವೂ ಮುಗಿಯಿತು, ನೀರೂ ಮುಗಿಯಿತು. ಎರಡನೇ ತುತ್ತಿಗೇ ಹೀಗಾದರೆ ಲೆಕ್ಕ ಹಾಕಿ: ನಿನ್ನೆ ಹತ್ತು ಗಂಟೆಗೆ ಕುಡಿದ ನೀರು, ಮತ್ತೆ ಸಿಗುವುದು ನಾಳೆ ಹತ್ತು ಗಂಟೆಗೆ. ಏಪ್ರಿಲ್ ಬಿಸಿಲಲ್ಲಿ 48 ತಾಸು.

ಹಾಗಾಗಿ ಚೌಕಾದ ಅಕ್ಕಂದಿರಿಗೆ ನಾನು ಎರಡು ಮಾತು ಹೇಳುತ್ತೇನೆ. ಒಂದು, ಕಾಳು ಆರಿಸುವುದು, ಹಿಟ್ಟು ಜರಡಿ ಹಿಡಿಯುವುದು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಳ್ಳುವುದು ಇವೆಲ್ಲ ಬರೀ ಮಡಿಯಲ್ಲ, ಅವರ ಮೂತ್ರಪಿಂಡ ಕಾಯುವ ಕೆಲಸ. ಎರಡು, ಮೊದಲು ನೀರು, ತೆಳು ಪದಾರ್ಥ ಕೊಡಿ. ಗಟ್ಟಿಯದು ಆಮೇಲೆ. ಅಂತರಾಯ ಯಾವ ತುತ್ತಿಗೆ ಬರುತ್ತದೋ ಯಾರಿಗೆ ಗೊತ್ತು?

ಆದರೆ ಪ್ರೀತಿಯಿಂದ ಬರೀ ನೀರನ್ನೇ ಎರಡು ಲೀಟರ್ ಹಾಕುವುದೂ ಸರಿಯಲ್ಲ. ಒಮ್ಮೆಲೇ ಕುಡಿದ ಸಪ್ಪೆ ನೀರಿನ ಹೆಚ್ಚುಪಾಲು ಕೆಲವೇ ತಾಸಿನಲ್ಲಿ ಮೂತ್ರವಾಗಿ ಹೋಗಿಬಿಡುತ್ತದೆ. ಉಪ್ಪು ಬಿಟ್ಟವರಲ್ಲಿ ರಕ್ತದ ಸೋಡಿಯಂ ತೆಳುವಾಗಿ ತಲೆಸುತ್ತು, ಗೊಂದಲವೂ ಬರಬಹುದು. ಗಂಜಿ, ಹೆಸರುಬೇಳೆ ಕಟ್ಟು, ಬಿಟ್ಟಿರದಿದ್ದರೆ ಹಾಲು ಮಜ್ಜಿಗೆ, ಸೋರೆಕಾಯಿ ಪಲ್ಯ, ಎಳನೀರು ಇವುಗಳ ಜೊತೆ ಹೋದ ನೀರು ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಸಂಜೆ ಮೂತ್ರ ಕಡುಹಳದಿ ಆಗಿದೆಯಾ ಅಂತ ಜೊತೆಗಿರುವ ಬ್ರಹ್ಮಚಾರಿಗಳಿಂದ ಕೇಳಿಸುತ್ತೇನೆ. ಕೇಳಲು ಸಂಕೋಚ, ಆದರೆ ಅದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಕಾಲಿನ ಬಗ್ಗೆ ಜನ ಅಂದುಕೊಂಡಷ್ಟು ನನಗೆ ಭಯವಿಲ್ಲ. ವರ್ಷಗಟ್ಟಲೆ ಬರಿಗಾಲಲ್ಲಿ ನಡೆದ ಅಂಗಾಲಿನ ಚರ್ಮ ತಾನೇ ಒಂದು ಅಟ್ಟೆ. ದಪ್ಪವಾದರೂ ಅದಕ್ಕೆ ನೆಲದ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ. ತೊಂದರೆ ಬರುವುದು ಹಿಮ್ಮಡಿ ಆಳವಾಗಿ ಸೀಳಿದಾಗ, ಜಾಲಿಮುಳ್ಳು ಒಳಗೆ ಮುರಿದಾಗ. ನಿಜವಾಗಿ ಪೆಟ್ಟು ತಿನ್ನುವವರು ಭಕ್ತಿಯಿಂದ ಚಪ್ಪಲಿ ಕಳಚಿಟ್ಟು ಜೊತೆಗೆ ಹೊರಡುವ ನಾವು. ಅದರಲ್ಲೂ ಸಕ್ಕರೆ ಕಾಯಿಲೆಯವರು. ಕಾಲಿನ ಸ್ಪರ್ಶ ಮಂದವಾದವರಿಗೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ, ಬೊಬ್ಬೆ ಒಡೆದಿದ್ದೂ ಗೊತ್ತಾಗುವುದಿಲ್ಲ. ದಯವಿಟ್ಟು ನೀವು ಚಪ್ಪಲಿ ಹಾಕಿಕೊಂಡೇ ನಡೆಯಿರಿ.

ಡಾಂಬರು ರಸ್ತೆ ಬೇಸಿಗೆ ಮಧ್ಯಾಹ್ನ 60 ಡಿಗ್ರಿ ಮುಟ್ಟುವುದುಂಟು. ಒಮ್ಮೆ ಒಬ್ಬ ಹಿರಿಯ ಮುನಿಗಳ ಹಿಂದೆ ಸ್ವಲ್ಪ ದೂರ ನಡೆದೆ. ಅವರ ಹೆಜ್ಜೆ ರಸ್ತೆಯಂಚಿನ ಬಿಳಿ ಗೆರೆ ಬಿಟ್ಟು ಆಚೀಚೆ ಸರಿಯುತ್ತಿರಲಿಲ್ಲ. ಬಿಳಿ ಬಣ್ಣ ಕಡಿಮೆ ಕಾಯುತ್ತದೆ. ಹಿಂದೆ ರಸ್ತೆ ಪಕ್ಕ ಮಣ್ಣಿನ ಹಾದಿ, ಹುಣಸೆಮರದ ನೆರಳು ಇರುತ್ತಿತ್ತು. ಅಗಲವಾದ ಹೆದ್ದಾರಿಗಳಲ್ಲಿ ನಡೆಯುವವರಿಗೆ ಉಳಿದಿರುವುದು ಆ ಗೇಣಗಲದ ಗೆರೆ. ಅದೇ ಗೆರೆಯ ಪಕ್ಕ ಲಾರಿ ಹೋಗುತ್ತದೆ. ಜ್ವರಕ್ಕಿಂತ, ಮುಳ್ಳಿಗಿಂತ ನಾನು ಹೆದರುವುದು ಇದಕ್ಕೆ. ನಸುಕಿನ ಮಬ್ಬಿನಲ್ಲಿ ಹೆದ್ದಾರಿಗೆ ಇಳಿಯಬೇಡಿ ಅಂತ ಜೊತೆಗೆ ನಡೆಯುವ ಶ್ರಾವಕರಿಗೆ, ಅಂದರೆ ಜೈನ ಗೃಹಸ್ಥರಿಗೆ, ಕೈಮುಗಿದು ಬೇಡಿಕೊಳ್ಳುತ್ತೇನೆ. ಮುಂದೊಬ್ಬರು, ಹಿಂದೊಬ್ಬರು ಹೊಳೆಯುವ ಜಾಕೆಟ್ ಹಾಕಿಕೊಳ್ಳಿ. ಎದುರು ಬರುವ ವಾಹನ ಕಣ್ಣಿಗೆ ಕಾಣುವಂತೆ ರಸ್ತೆಯ ಬಲಗಡೆ ನಡೆಯಿರಿ.

ಮನೆಯಿಲ್ಲದ ರೋಗಿಗೆ 'ವಾರ ಬಿಟ್ಟು ಬನ್ನಿ' ಅನ್ನಲಾಗುವುದಿಲ್ಲ, ಅಲ್ವಾ? ವಾರದಲ್ಲಿ ಅವರು ನೂರು ಕಿಲೋಮೀಟರ್ ಆಚೆ ಇರಬಹುದು. ಅದಕ್ಕೇ ನಾನು ಒಂದು ರಟ್ಟಿನ ಹಾಳೆ ಬರೆದು ಬ್ರಹ್ಮಚಾರಿಗಳ ಕೈಗೆ ಕೊಡುತ್ತೇನೆ: ಯಾವ ರಸ ಬಿಟ್ಟಿದ್ದಾರೆ, ಬಿಪಿ ಎಷ್ಟು, ಏನು ಕೊಟ್ಟೆ, ಯಾವ ಕಾಲಿಗೆ ಗಾಯ. ಮುಂದಿನ ಊರಿನ ಡಾಕ್ಟರು ತಮ್ಮದೊಂದು ಸಾಲು ಸೇರಿಸಿ ಕಳಿಸಲಿ ಅಂತ ಕೆಳಗೆ ಜಾಗ ಬಿಡುತ್ತೇನೆ. ಹೋದ ಚಾತುರ್ಮಾಸ ಮುಗಿಸಿ ಒಂದು ಸಂಘ ಈ ಕಡೆ ಮರಳಿದಾಗ ಅಂಥದ್ದೊಂದು ಹಾಳೆ ನನ್ನ ಮೇಜಿಗೆ ವಾಪಸು ಬಂತು. ಮಡಿಚಿ ಮಡಿಚಿ ಅಂಚು ಹರಿದಿತ್ತು. ನನ್ನ ಕನ್ನಡದ ಕೆಳಗೆ ಇನ್ನೂ ಮೂವರ ಕೈಬರಹ. ಕೊನೆಯದು ಮರಾಠಿಯಲ್ಲಿತ್ತು: ಎಡ ಹಿಮ್ಮಡಿ ಕೂಡಿದೆ, ನೀರು ಸಾಕಷ್ಟು ಹೋಗುತ್ತಿದೆ, ನಾಳೆ ಬೆಳಕು ಹರಿದ ಮೇಲೆ ವಿಹಾರ.